ಗುಲ್ಮ ಉಳಿಸುವ ಕಾವಲು



ಒಂದು ಕಾಲದಲ್ಲಿ ಹರಿದ ಗುಲ್ಮಕ್ಕೆ ಗೊತ್ತಿದ್ದ ಮದ್ದು ಒಂದೇ: ತೆಗೆದುಹಾಕುವುದು. ಅದಿಲ್ಲದಿದ್ದರೂ ಮನುಷ್ಯನಿಗೆ ಏನೂ ಕೊರತೆಯಿಲ್ಲ ಎಂದು ದೊಡ್ಡ ದೊಡ್ಡವರೇ ನಂಬಿದ್ದರು. 1952ರಲ್ಲಿ ಶಸ್ತ್ರವೈದ್ಯರಾದ ಕಿಂಗ್ ಮತ್ತು ಶೂಮೇಕರ್, ಗುಲ್ಮ ತೆಗೆಸಿಕೊಂಡ ಎಳೆಗೂಸುಗಳು ತೀವ್ರ ಸೋಂಕಿಗೆ ತುತ್ತಾದದ್ದನ್ನು ವರದಿ ಮಾಡಿದ ಮೇಲೆ ಆ ನಂಬಿಕೆ ಅಲುಗಾಡಿತು.

ಆದರೆ ತೆಗೆಯದೆ ಬಿಟ್ಟರೆ ರಕ್ತಸ್ರಾವ ನಿಲ್ಲುತ್ತದೆಯೇ? ಇದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮ ದೇಶದವರೇ ಒಬ್ಬರಿದ್ದಾರೆ ಎಂಬುದು ನನಗೆ ಹೆಮ್ಮೆಯ ಸಂಗತಿ. ಶಸ್ತ್ರವೈದ್ಯ ಪುರುಷೋತ್ತಮ ಉಪಾಧ್ಯಾಯರು ಸಹವೈದ್ಯ ಸಿಂಪ್ಸನ್ ಅವರ ಜೊತೆ ಟೊರಾಂಟೊದ ಮಕ್ಕಳ ಆಸ್ಪತ್ರೆಯ ಅನುಭವವನ್ನು 1968ರಲ್ಲಿ ಪ್ರಕಟಿಸಿದರು. ಹೊಟ್ಟೆ ತೆರೆಯುವ ಹೊತ್ತಿಗೆ ಎಷ್ಟೋ ಮಕ್ಕಳಲ್ಲಿ ರಕ್ತ ತಾನಾಗಿ ನಿಂತಿರುತ್ತಿತ್ತು. ಗುಲ್ಮದ ರಕ್ತನಾಳಗಳು ಅಡ್ಡಡ್ಡಲಾಗಿ ಭಾಗ ಭಾಗವಾಗಿ ಹರಡಿಕೊಂಡಿವೆ. ಸೀಳು ಹೆಚ್ಚಾಗಿ ಅವುಗಳ ನಡುವೆಯೇ ಬೀಳುವುದರಿಂದ ದೊಡ್ಡ ನಾಳಗಳು ತುಂಡಾಗುವುದು ಕಡಿಮೆ. ಮಕ್ಕಳ ಗುಲ್ಮದ ಹೊದಿಕೆಯೂ ದಪ್ಪ. ಕೋತಿಗಳ ಮೇಲೆ ಪ್ರಯೋಗ ಮಾಡಿ, ಗಾಯ ಮಾಯುವುದನ್ನೂ ಉಪಾಧ್ಯಾಯರು ಪರೀಕ್ಷಿಸಿದರು.

ಇಂದು ಬಹುಪಾಲು ಮಕ್ಕಳ ಗುಲ್ಮದ ಗಾಯ ಚಾಕು ಮುಟ್ಟದೆಯೇ ವಾಸಿಯಾಗುತ್ತದೆ. ಆದರೆ ಇದನ್ನು 'ಏನೂ ಮಾಡದೆ ಇರುವ ಚಿಕಿತ್ಸೆ' ಎಂದುಕೊಂಡವರು ಮಗುವನ್ನು ಕಳೆದುಕೊಳ್ಳುತ್ತಾರೆ. ಸೈಕಲ್ ಹ್ಯಾಂಡಲ್ ಹೊಟ್ಟೆಗೆ ಒತ್ತಿ ಬಂದ 20 ಕಿಲೋ ತೂಕದ ಹುಡುಗನ ಮೈಯಲ್ಲಿರುವುದು ಸುಮಾರು 1,600 ಮಿಲಿಲೀಟರ್ ರಕ್ತ. ಅದರಲ್ಲಿ ಕಾಲುಭಾಗ ಹೋದರೂ ಅವನ ರಕ್ತದೊತ್ತಡ ಸರಿಯಾಗಿಯೇ ಕಾಣಬಹುದು. ಮೊದಲು ಏರುವುದು ನಾಡಿ, ಮೊದಲು ತಣ್ಣಗಾಗುವುದು ಪಾದ. ಬಿ.ಪಿ. ಇಳಿಯುವವರೆಗೆ ಕಾದವರು ತಡಮಾಡಿದಂತೆಯೇ. ಆದ್ದರಿಂದ ಈ ಚಿಕಿತ್ಸೆಯ ಮುಖ್ಯ ಉಪಕರಣ ಸಿ.ಟಿ. ಸ್ಕ್ಯಾನರ್ ಎಂದು ನಾನು ಒಪ್ಪುವುದಿಲ್ಲ. ಮಂಚದ ತುದಿಗೆ ನೇತುಹಾಕಿದ ಚಾರ್ಟು, ಅದನ್ನು ಬರೆಯುವ ನರ್ಸಿನ ಕೈ. ಸ್ಕ್ಯಾನಿನಲ್ಲಿ 4ನೇ ದರ್ಜೆಯಷ್ಟು ತೀವ್ರ ಗಾಯ ಕಂಡರೂ ನಾಡಿ ನೆಟ್ಟಗಿದ್ದರೆ ಕಾಯಬಹುದು. ರಕ್ತ ಕೊಟ್ಟರೂ ಮಗು ಚೇತರಿಸದಿದ್ದರೆ ದರ್ಜೆ ನೋಡುತ್ತ ಕೂರಬಾರದು, ಥಿಯೇಟರಿಗೆ ಒಯ್ಯಬೇಕು.

ಅಮೆರಿಕದ ಮಕ್ಕಳ ಶಸ್ತ್ರವೈದ್ಯರ ಸಂಘದ 2000ದ ಸೂತ್ರ ಗಾಯದ ದರ್ಜೆಗೆ ಒಂದು ಸೇರಿಸಿ ಅಷ್ಟು ದಿನ ಆಸ್ಪತ್ರೆ ವಾಸ ಹೇಳಿತ್ತು. ಈಗ ಮಗುವಿನ ಸ್ಥಿತಿಯೇ ಅಳತೆಗೋಲು, ಮಕ್ಕಳು ಬೇಗ ಮನೆಗೆ ಹೋಗುತ್ತಿದ್ದಾರೆ. ಬಡ ತಂದೆತಾಯಿಗೆ ಒಂದು ದಿನದ ಕೂಲಿ ಉಳಿದರೂ ಅದು ದೊಡ್ಡದೇ.

ಗುಲ್ಮ ತೆಗೆಯಲೇಬೇಕಾದ ಮಕ್ಕಳನ್ನು ಮರೆಯುವಂತಿಲ್ಲ. ಅವರಿಗೆ ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಲಸಿಕೆಗಳು ಬೇಕು. ಜ್ವರ ಬಂದ ದಿನವೇ ವೈದ್ಯರ ಬಳಿ ಓಡಿಬರಬೇಕೆಂಬ ಅರಿವು ಮನೆಯವರಿಗಿರಬೇಕು. ಮಲೇರಿಯಾ ಇರುವ ಊರಿನಲ್ಲಂತೂ ಈ ಎಚ್ಚರ ಜೀವನಪರ್ಯಂತ.

ಇಂದಿನ ಗೋಷ್ಠಿಗಳಿಂದ ನಾನು ಬಯಸುವುದು ಎರಡು. ರಕ್ತ, ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು ಹಗಲಿರುಳು ಸಿಗದ ತಾಲ್ಲೂಕು ಆಸ್ಪತ್ರೆ ಯಾವ ಮಗುವನ್ನು, ಯಾವ ಗಳಿಗೆಯಲ್ಲಿ, ಯಾರ ಜೊತೆ ಮುಂದಕ್ಕೆ ಕಳಿಸಬೇಕು ಎಂಬುದನ್ನು ಸ್ಪಷ್ಟವಾಗಿ ಬರೆದಿಡಿ. ಇನ್ನೊಂದು, ಬಿಡುಗಡೆಯ ಚೀಟಿಯನ್ನು ಕನ್ನಡದಲ್ಲಿ ಬರೆಯಿರಿ: ಕಬಡ್ಡಿ, ಸೈಕಲ್ ಎಷ್ಟು ವಾರ ಬೇಡ, ತಲೆಸುತ್ತು ಬಂದರೆ, ಎಡಭುಜ ನೋವೆಂದರೆ ಎಲ್ಲಿಗೆ ಬರಬೇಕು. ಕೊಡುವ ಮುನ್ನ ಆ ತಾಯಿಯಿಂದಲೇ ಒಮ್ಮೆ ಓದಿಸಿ. ಓದು ಬರದಿದ್ದರೆ ನೀವೇ ಓದಿ ಹೇಳಿ.