ರಿಪೇರಿಯವರ ಹುಟ್ಟುಹಬ್ಬ

2024ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಸಿಂಗ್ ನಗರಕ್ಕೆ ನುಗ್ಗಿತು. ನೀರಿಳಿದ ಮೇಲೆ ಜನ ಹುಡುಕಿದ್ದು ವೈರಿಂಗ್ ನೋಡುವವರನ್ನು, ಮೋಟಾರ್ ಬಿಚ್ಚುವವರನ್ನು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಅಪ್ಪಳಿಸಿದ ವಿಶಾಖಪಟ್ಟಣವೂ ಅಂಥವರ ದಾರಿಯನ್ನೇ ಕಾದಿತ್ತು.

ಅವರ ಫೋನ್ ನಂಬರ್ ನಮ್ಮ ಬಳಿ ಇರುತ್ತದೆ. ಹುಟ್ಟಿದ ದಿನ ಗೊತ್ತಿರುವುದಿಲ್ಲ. ಎಷ್ಟೋ ಮಂದಿಯ ದಾಖಲೆಯಲ್ಲಿ ಜೂನ್ 1 ಎಂದಿರುತ್ತದೆ, ಶಾಲೆಗೆ ಸೇರಿಸುವಾಗ ಯಾರೋ ಬರೆಸಿದ್ದು. ನಿಜವಾದ ದಿನವನ್ನು ಕೇಳಿ ತಿಳಿದುಕೊಳ್ಳುವುದೇ ಅರ್ಧ ಉಡುಗೊರೆ ಎಂದು ನನ್ನ ನಂಬಿಕೆ.

ಇನ್ನರ್ಧಕ್ಕೆ ದೂರ ಹೋಗಬೇಕಿಲ್ಲ. ವಿಶಾಖಪಟ್ಟಣದವರಿಗೆ ವರಾಹ ನದಿಯ ದಂಡೆಯಲ್ಲಿ ಮರದ ಗೊಂಬೆಗಳ ಊರು ಏಟಿಕೊಪ್ಪಾಕವಿದೆ. ಅಲ್ಲಿ ಅಂಕುಡು ಮರ ಚರಕಿಯಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ; ಉಜ್ಜಾಟದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ, ನಮ್ಮ ಚನ್ನಪಟ್ಟಣದ ಹಾಗೆಯೇ. ವಿಜಯವಾಡದವರಿಗೆ ಕೊಂಡಪಲ್ಲಿ ಹತ್ತಿರ. ಹಗುರವಾದ ಪೊಣಿಕಿ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಲ್ಲಿ ಕೂಡಿಸಿ ಮಾಡಿದ ಗೊಂಬೆ. ಕೈಕೆಲಸದ ಬೆಲೆ ಕೈಕೆಲಸದವರಿಗೆ ಬೇಗ ತಿಳಿಯುತ್ತದೆ.

ಹಳೆಯ ಅಂಗಿ, ಮಿಕ್ಕ ಸಿಹಿ ಬೇಡ. ಮಜೂರಿಯ ಜೊತೆ ಸೇರಿಸಿಯೂ ಕೊಡಬೇಡಿ. ಕೆಲಸವಿಲ್ಲದ ದಿನವೇ ಕರೆಯಿರಿ. 'ಏನು ಕೆಟ್ಟಿದೆ ಅಮ್ಮಾ?' ಎಂದು ಸ್ಪ್ಯಾನರ್ ಚೀಲ ಹಿಡಿದು ಬಂದವರಿಗೆ ಕುರ್ಚಿ ಹಾಕಿ, 'ಏನೂ ಕೆಟ್ಟಿಲ್ಲ ಅಣ್ಣಾ, ಇವತ್ತು ನಿಮ್ಮ ಹುಟ್ಟುಹಬ್ಬ ಅಲ್ವಾ, ಕೂತ್ಕೊಳ್ಳಿ' ಎನ್ನಿ.