ಮಳೆ, ಮೊಲ ಮತ್ತು ನಮ್ಮಮ್ಮ

ಮಡಿಕೇರೀಲಿ ಮಳೆ, ಕರೆಂಟ್ ಇಲ್ಲ. ಮೊಬೈಲ್ ಆಫ್ ಆಗೋದ್ರೊಳಗೆ ಈ ವಾರ ನೋಡಿದ ಮೂರು ಸಿನಿಮಾ ಹೇಳಿಬಿಡ್ತೀನಿ.

ಒಂದು, 2025ರ ‘ಸು ಫ್ರಮ್ ಸೋ’. ಮೈಮೇಲೆ ದೆವ್ವ ಬಂದಿದೆ ಅಂತ ಅಶೋಕನ ನಾಟಕ, ಇಡೀ ಊರೇ ನಂಬುತ್ತೆ. ನಮ್ಮೂರ ವಾಟ್ಸಾಪ್ ಗ್ರೂಪ್‌ನಲ್ಲಿ ಇರೋರಿಗೆ ಇದು ಡಾಕ್ಯುಮೆಂಟರಿ.

ಎರಡು, 1990ರ ‘ಮುತ್ತಿನ ಹಾರ’. ವಿಷ್ಣುವರ್ಧನ್ ಕೊಡಗಿನ ಸೈನಿಕ. ಕಾಫಿ ಹಿಡ್ಕೊಂಡು ಕೂತವನು ಕರ್ಚೀಫ್ ಹಿಡ್ಕೊಂಡು ಎದ್ದೆ.

ಮೂರು, 2006ರ ‘ಮುಂಗಾರು ಮಳೆ’. ಗಣೇಶ್ ನೆನೆದಾಗಲೆಲ್ಲ ಅಮ್ಮ, “ಇವನಿಗೆ ಯಾರಾದ್ರೂ ಕೊಡೆ ಕೊಡ್ರೋ” ಅಂತಿದ್ರು. ಆಮೇಲೆ ಸುಮ್ಮನಾದ್ರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ನಮಗೆ ಮಳೆ ಅಂದ್ರೆ ಬರೀ ಲವ್ ಸೀನ್ ಅಲ್ಲ. ಜೋರಾದ್ರೆ ಮೊದಲು ನೋಡೋದು ಮನೆ ಹಿಂದಿನ ಬರೆಯನ್ನ.

ಆದ್ರೂ ಆ ಮೊಲ ಸೂಪರ್. ಬ್ಯಾಟರಿ 4 ಪರ್ಸೆಂಟ್. ಬರ್ತೀನಿ!