ಹಕ್ಕೋ ಕೃಪೆಯೋ: ಧರ್ಮ ಮತ್ತು ಪ್ರಭುತ್ವದ ನಡುವಣ ಗೋಡೆ



ಧರ್ಮಕ್ಕೂ ಪ್ರಭುತ್ವಕ್ಕೂ ನಡುವೆ ಗೋಡೆಯೊಂದು ಇರಬೇಕೆಂಬ ಮಾತು ಸಂವಿಧಾನದ ಚರ್ಚೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಆದರೆ ಈ ಗೋಡೆಯ ಮಾತು ಅಮೆರಿಕದ ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. ಅದು ಬಂದದ್ದು ಒಂದು ಪತ್ರದಿಂದ. ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರು 1801ರಲ್ಲಿ ಅಧ್ಯಕ್ಷ ಥಾಮಸ್ ಜೆಫರ್ಸನ್ನರಿಗೆ ಬಿನ್ನವತ್ತಳೆಯೊಂದನ್ನು ಕಳುಹಿಸಿದರು. 1802ರ ಜನವರಿ 1ರಂದು ಜೆಫರ್ಸನ್ ಬರೆದ ಉತ್ತರದಲ್ಲಿ ಗೋಡೆಯ ರೂಪಕವಿದೆ.

ಉತ್ತರ ಪ್ರಸಿದ್ಧವಾಯಿತು, ಪ್ರಶ್ನೆ ಮರೆತುಹೋಯಿತು. ಅಂದಿನ ಕನೆಕ್ಟಿಕಟ್‌ನಲ್ಲಿ ಕಾಂಗ್ರಿಗೇಷನಲ್ ಚರ್ಚು ರಾಜ್ಯದ ಅಧಿಕೃತ ಚರ್ಚಾಗಿತ್ತು. ಅದರ ಪೋಷಣೆಗೆ ತೆರಿಗೆಯಿತ್ತು. ತಾವು ಬೇರೆ ಪಂಗಡದವರೆಂದು ಪ್ರಮಾಣಪತ್ರ ಸಲ್ಲಿಸಿದವರಿಗೆ ವಿನಾಯಿತಿ ದೊರೆಯುತ್ತಿತ್ತು. ವಿನಾಯಿತಿ ಇದ್ದ ಮೇಲೆ ದೂರು ಏಕೆ? ಬ್ಯಾಪ್ಟಿಸ್ಟರ ಆಕ್ಷೇಪ ಇಷ್ಟೇ: ತಮ್ಮ ಉಪಾಸನೆಯ ಸ್ವಾತಂತ್ರ್ಯ ಸರ್ಕಾರ ದಯಪಾಲಿಸಿದ ಕೃಪೆಯಾಗಿದೆಯೇ ಹೊರತು ಹಕ್ಕಾಗಿಲ್ಲ. ಕೃಪೆ ತೋರಿದವನು ಅದನ್ನು ಹಿಂತೆಗೆದುಕೊಳ್ಳಲೂ ಬಲ್ಲ. ಗೋಡೆಯನ್ನು ಬೇಡಿದವರು ನಾಸ್ತಿಕರಲ್ಲ, ದೃಢಶ್ರದ್ಧೆಯ ಅಲ್ಪಸಂಖ್ಯಾತರು ಎಂಬುದು ಇಲ್ಲಿ ಗಮನಾರ್ಹ.

ಜೆಫರ್ಸನ್ನರಿಂದ ಅವರಿಗೆ ಒಳ್ಳೆಯ ಮಾತಿಗಿಂತ ಹೆಚ್ಚಿನದೇನೂ ಸಿಗಲಿಲ್ಲ. 1791ರ ಮೊದಲನೆಯ ತಿದ್ದುಪಡಿ ಒಕ್ಕೂಟದ ಶಾಸಕಾಂಗವನ್ನಷ್ಟೇ ಕಟ್ಟಿಹಾಕಿತ್ತು, ರಾಜ್ಯಗಳನ್ನಲ್ಲ. ಕನೆಕ್ಟಿಕಟ್ ತನ್ನ ಅಧಿಕೃತ ಚರ್ಚನ್ನು ಕೈಬಿಟ್ಟದ್ದು 1818ರಲ್ಲಿ. 1947ರ ಎವರ್ಸನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ನಿರ್ಬಂಧ ರಾಜ್ಯಗಳಿಗೂ ಅನ್ವಯಿಸುತ್ತದೆಂದು ಹೇಳಿ ಜೆಫರ್ಸನ್ನರ ಗೋಡೆಯನ್ನು ಎತ್ತಿ ಹಿಡಿಯಿತು. ಅದೇ ತೀರ್ಪಿನಲ್ಲಿ, ಐದಕ್ಕೆ ನಾಲ್ಕರ ಬಹುಮತದಿಂದ, ಕ್ಯಾಥೊಲಿಕ್ ಶಾಲೆಯ ಮಕ್ಕಳ ಬಸ್ ಖರ್ಚನ್ನು ಸಾರ್ವಜನಿಕ ಹಣದಿಂದ ಕೊಡಬಹುದೆಂದೂ ಹೇಳಿತು! 1985ರಲ್ಲಿ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ತಮ್ಮ ಭಿನ್ನಮತದ ತೀರ್ಪಿನಲ್ಲಿ ಈ ರೂಪಕವೇ ಇತಿಹಾಸಕ್ಕೆ ಹೊಂದದ್ದೆಂದು ವಾದಿಸಿದರು. 2022ರಲ್ಲಿ ಶಾಲಾ ಮೈದಾನದಲ್ಲಿ ಪ್ರಾರ್ಥಿಸಿದ ಫುಟ್‌ಬಾಲ್ ತರಬೇತುದಾರನ ಪರವಾಗಿ ತೀರ್ಪು ಬಂದಾಗ ಗೋಡೆ ಇನ್ನಷ್ಟು ತಗ್ಗಿತು.

ಕನ್ನಡ ಜೈನರಿಗೆ ಈ ಹಕ್ಕು-ಕೃಪೆಗಳ ಭೇದವನ್ನು ತಿಳಿಯಲು ಡ್ಯಾನ್‌ಬರಿಗೆ ಹೋಗಬೇಕಾಗಿಲ್ಲ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ 1368ರ ಬುಕ್ಕರಾಯನ ಶಾಸನವಿದೆ. ಶ್ರೀವೈಷ್ಣವರೊಡನೆ ವ್ಯಾಜ್ಯವಾದಾಗ ಜೈನರು ಅರಸನಲ್ಲಿ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಸಮಾಜ ಅದನ್ನು ಹೆಮ್ಮೆಯಿಂದ ನೆನೆಯುವುದು ನ್ಯಾಯವೇ. ಆದರೆ ಅದು ಅರಸನ ಔದಾರ್ಯ. ಅರಸ ಬೇರೊಬ್ಬನಾಗಿದ್ದರೆ ಶಾಸನವೂ ಬೇರೆಯಾಗಿರುತ್ತಿತ್ತು.

ಭಾರತದ ಸಂವಿಧಾನ ಅರಸನ ಕೃಪೆಯ ಜಾಗದಲ್ಲಿ ಹಕ್ಕನ್ನಿರಿಸಿತು, ಗೋಡೆಯನ್ನು ಮಾತ್ರ ಕಟ್ಟಲಿಲ್ಲ. 25ನೆಯ ವಿಧಿ ಧರ್ಮಾಚರಣೆಯ ಸ್ವಾತಂತ್ರ್ಯವನ್ನು ಕೊಟ್ಟು, ಸಮಾಜ ಸುಧಾರಣೆಗಾಗಿ ಕಾನೂನು ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಉಳಿಸಿತು. ಶ್ವೇತಾಂಬರ ಮಂದಿರವೊಂದರ ವ್ಯವಸ್ಥಾಪಕರಾದ ರತಿಲಾಲ್ ಪಾನಾಚಂದ್ ಗಾಂಧಿಯವರು ಮುಂಬಯಿ ಸಾರ್ವಜನಿಕ ನ್ಯಾಸ ಕಾಯಿದೆಯನ್ನು ಪ್ರಶ್ನಿಸಿದಾಗ, 1954ರಲ್ಲಿ ಸುಪ್ರೀಂ ಕೋರ್ಟು ನೋಂದಣಿ, ಲೆಕ್ಕಪತ್ರಗಳನ್ನು ಎತ್ತಿಹಿಡಿಯಿತು. ದೇವಸ್ವವನ್ನು ದಾನಿಯ ಉದ್ದೇಶ ಬಿಟ್ಟು ಬೇರೆಡೆಗೆ ತಿರುಗಿಸುವ ಅಧಿಕಾರವನ್ನು ಒಪ್ಪಲಿಲ್ಲ. ಅದೇ ವರ್ಷ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ, ಯಾವುದು ಧರ್ಮದ ಅವಶ್ಯ ಅಂಗ ಎಂಬುದನ್ನು ಆ ಧರ್ಮದ ತತ್ತ್ವಗಳಿಂದಲೇ ತಿಳಿಯಬೇಕೆಂದಿತು. ತಿಳಿಯುವವರು ಯಾರು? ಕ್ರಮೇಣ ನ್ಯಾಯಾಲಯವೇ.

ಅದರ ಫಲ 2015ರಲ್ಲಿ ಕಾಣಿಸಿತು. ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಂಥಾರ ಅಥವಾ ಸಲ್ಲೇಖನವು ಜೈನಧರ್ಮದ ಅವಶ್ಯ ಆಚರಣೆಯೆಂದು ಸಿದ್ಧವಾಗಿಲ್ಲವೆಂದು ಹೇಳಿ, ಅದನ್ನು ಆತ್ಮಹತ್ಯೆಯೆಂದು ಪರಿಗಣಿಸಬೇಕೆಂದಿತು. ನಿಸಿಧಿಗಲ್ಲುಗಳ ನಾಡಿನವರಿಗೆ ಇದು ಎಂಥ ಆಘಾತವೆಂದು ವಿವರಿಸಬೇಕಾಗಿಲ್ಲ. ಊರೂರುಗಳಲ್ಲಿ ಮೌನ ಮೆರವಣಿಗೆಗಳು ನಡೆದವು. ಪ್ರಭುತ್ವಕ್ಕೆ ವ್ರತದ ಒಳಗೆ ಪ್ರವೇಶವಿಲ್ಲ ಎಂಬುದು ಅವುಗಳ ಅರ್ಥ. ಆಗಸ್ಟ್ 31ರಂದು ಸುಪ್ರೀಂ ಕೋರ್ಟು ತೀರ್ಪಿಗೆ ತಡೆಯಾಜ್ಞೆ ನೀಡಿತು.

ಎರಡು ವಾರವೂ ಕಳೆದಿರಲಿಲ್ಲ. ಪರ್ಯೂಷಣದ ನಿಮಿತ್ತ ಮಾಂಸ ಮಾರಾಟ ನಿಲ್ಲಿಸುವ ವಿವಾದ ಮುಂಬಯಿಯಲ್ಲಿ ಭುಗಿಲೆದ್ದಿತು. ಸಮಾಜದ ಹಲವು ಧ್ವನಿಗಳು ನಿಷೇಧವನ್ನು ಬೆಂಬಲಿಸಿದವು. ಬಾಂಬೆ ಹೈಕೋರ್ಟು ಸೆಪ್ಟೆಂಬರ್ 17ರ ಮಾರಾಟ ನಿಷೇಧಕ್ಕೆ ನಗರದಲ್ಲಿ ತಡೆ ನೀಡಿತು. ಅಹಮದಾಬಾದಿನ ಕಸಾಯಿಖಾನೆಗಳನ್ನು ಪರ್ಯೂಷಣದ ಕೆಲವೇ ದಿನ ಮುಚ್ಚುವುದನ್ನು ಸುಪ್ರೀಂ ಕೋರ್ಟು 2008ರಲ್ಲಿ ಒಪ್ಪಿತ್ತು, ನಿಜ. ಆ ತೀರ್ಪಿನಲ್ಲಿ ಅಕ್ಬರನ ಉದಾಹರಣೆಯೂ ಇದೆ. ಮತ್ತೆ ಬಾದಶಹನ ಔದಾರ್ಯವೇ!

ಅಹಿಂಸೆ ಅಣುವ್ರತವಾಗಿ ಸ್ವೀಕರಿಸುವವನ ಸ್ವಂತ ನಿಶ್ಚಯ. ನಗರಪಾಲಿಕೆಯ ಆದೇಶದಿಂದ ಅಂಗಡಿ ಮುಚ್ಚಿದವನಿಗೆ ವ್ರತದ ಪುಣ್ಯವಿಲ್ಲ, ಆ ದಿನದ ಸಂಪಾದನೆಯ ನಷ್ಟವಷ್ಟೇ ಇದೆ. ಪ್ರಭುತ್ವವನ್ನು ಆಗಸ್ಟಿನಲ್ಲಿ ಬಸದಿಯ ಬಾಗಿಲಲ್ಲಿ ತಡೆದು, ಸೆಪ್ಟೆಂಬರಿನಲ್ಲಿ ನೆರೆಯವನ ಅಡಿಗೆಮನೆಗೆ ಕಳುಹಿಸುವ ವಾದ ನ್ಯಾಯಪೀಠದ ಮುಂದೆ ನಿಲ್ಲುವುದು ಕಷ್ಟ. ಸಲ್ಲೇಖನದ ಪರವಾಗಿ ವಾದಿಸುವ ವಕೀಲರಿಗೆ ನ್ಯಾಯಮೂರ್ತಿಗಳು ಈ ಎರಡನೆಯ ಬೇಡಿಕೆಯನ್ನು ತೋರಿಸಿ ಪ್ರಶ್ನಿಸಿದರೆ ಕೊಡುವ ಉತ್ತರ ಯಾವುದು? ಅದನ್ನು ಸಮಾಜದ ಸಂಘ ಸಂಸ್ಥೆಗಳು ಈಗಲೇ ಚರ್ಚಿಸಬೇಕು. ಮುಂದಿನ ಪರ್ಯೂಷಣಕ್ಕೆ ಪಾಲಿಕೆಗೆ ಮನವಿ ಬರೆಯುವ ಮುನ್ನವೇ.